ಮುಚ್ಚಿದ ಗಾಳಿಕಿಂಡಿಗಳು

ಮೂರು ದಿನದಿಂದ ಅವಳ ತಲೆಯಲ್ಲಿ ಒಂದೇ ಹುಳ ಕೊರೆಯುತ್ತಿತ್ತು: ಆ ಗೋಡೆ ಇನ್ನೆಷ್ಟು ದಿನ ನಿಂತೀತು?

ಗೋಡೆ ಮನೆಯದಲ್ಲ, ಊರಿನ ಗ್ರಂಥಾಲಯದ್ದು. ಬೋರ್ಡು ಏನೇ ಹೇಳಲಿ, ಜನರ ಬಾಯಲ್ಲಿ ಅದು ಇಂದಿಗೂ ‘ಹುಲ್ಲಿನ ಕೊಟ್ಟಿಗೆ’. ನೂರಾರು ವರ್ಷ ಹುಲ್ಲು ಒಟ್ಟಿದ್ದ ಇಟ್ಟಿಗೆ ಕಟ್ಟಡ. ಅದರ ಮಕ್ಕಳ ಕೋಣೆಯಿಂದ ಮಗಳು ಪುಟ್ಟಿ ಅಂಗಿಯ ಬೆನ್ನಿಗೆಲ್ಲ ಕೆಂಪು ಪುಡಿ ಮೆತ್ತಿಕೊಂಡು ಬಂದಾಗ ಅವಳು ನೋಡಲು ಹೋದಳು. ಮಕ್ಕಳು ಒರಗುವ ಎತ್ತರದಲ್ಲಿ ಇಟ್ಟಿಗೆಗಳು ಹೊಪ್ಪಳಿಕೆಯಾಗಿ ಉದುರುತ್ತಿದ್ದವು. ಒಂದಕ್ಕೆ ಬೆರಳಿಟ್ಟರೆ ಗೆಣ್ಣಿನವರೆಗೆ ಒಳಗೆ ಹೋಯಿತು. ಪಕ್ಕದಿಂದ ನೋಡಿದರೆ ಗೋಡೆ ಹೊಟ್ಟೆ ಬಿಟ್ಟುಕೊಂಡಿತ್ತು.

“ಹಳೇ ಕಟ್ಟಡ ಅಲ್ವಾ ಮೇಡಂ,” ಎಂದು ಮೇಲ್ವಿಚಾರಕ ನಕ್ಕಿದ್ದ. “ವಯಸ್ಸಾದ್ರೆ ನನ್ನ ತಲೇನೇ ಉದುರ್ತಾ ಇದೆ, ಗೋಡೆ ಉದುರಲ್ವಾ?”

ಅವಳಿಗೆ ನಗು ಬರಲಿಲ್ಲ. ಆ ಗೋಡೆ ರಿಪೇರಿ ಮಾಡಿದವನು ಅವಳ ಅಪ್ಪ.

ಅಪ್ಪನನ್ನು ಎಲ್ಲರೂ ಕರೆಯುತ್ತಿದ್ದುದು ಸುಣ್ಣದ ಮೇಸ್ತ್ರಿ ಎಂದೇ. ಸುಣ್ಣ ಅರಳಿಸಿ ಅರಳಿಸಿ ಅಂಗೈಯ ಗೆರೆಗಳೇ ಸವೆದಿದ್ದವು; ಗಾರೆ ಹದಕ್ಕೆ ಬಂದಿದೆಯೋ ಇಲ್ಲವೋ ಎಂದು ಅವನು ಕರಣೆಯ ಸದ್ದಿನಿಂದಲೇ ಹೇಳಬಲ್ಲವನು. ಸಿಮೆಂಟು ಬಂದಮೇಲೆ ಅವನನ್ನು ಕೇಳುವವರೇ ಇಲ್ಲದಾದರು. ಹದಿನೆಂಟು ವರ್ಷ ಬಚ್ಚಲಿಗೆ ಟೈಲ್ಸ್ ಕೂರಿಸಿ ಬದುಕಿದ. ಕೊನೆಗೆ ಕೊಟ್ಟಿಗೆಯನ್ನು ಗ್ರಂಥಾಲಯ ಮಾಡಲು ಹೊರಟವರು ಅವನನ್ನೇ ಹುಡುಕಿಕೊಂಡು ಬಂದರು. ಅಂದು ಅವನು ಮಗಳ ಕೈಹಿಡಿದು ಒಳಗೆಲ್ಲ ತೋರಿಸಿದ್ದ: ಎರಡು ಮೊಳ ದಪ್ಪದ ಗೋಡೆ, ಪಕ್ಕೆಲುಬಿನಂತೆ ಎದ್ದ ಇಟ್ಟಿಗೆ ಕಂಬ, ನಡುವೆ ಅಲ್ಲಲ್ಲಿ ಒಂದೊಂದು ಇಟ್ಟಿಗೆ ಬಿಟ್ಟು ಕಟ್ಟಿದ ಕಿಂಡಿಗಳ ಸಾಲು.

“ಇದು ಅಂದಕ್ಕಲ್ಲಮ್ಮ. ಗಾಳಿ ಆಡದಿದ್ರೆ ಹುಲ್ಲು ಒಳಗೊಳಗೇ ಬೆಂದು ಹೊತ್ಕೊಳ್ಳುತ್ತೆ. ಗೋಡೆಗೂ ಅಷ್ಟೇ, ಉಸಿರು ಬೇಕು.”

ಈಗ ಅಪ್ಪ ಎರಡು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಾನೆ. ಅವಳು ನೇರ ಅವನ ಮನೆಗೇ ಹೋದಳು.

“ಅಪ್ಪ, ಮಕ್ಕಳ ಕೋಣೆ ಗೋಡೆಗೆ ಏನು ಹಾಕಿದ್ದೆ?”

“ಇನ್ನೇನು ಹಾಕ್ತಾರೆ, ಸುಣ್ಣ.”

“ಸುಣ್ಣ ಉಗುರಿಗೆ ಬರುತ್ತೆ ಅಂತ ನೀನೇ ಹೇಳಿದ್ದು. ಕೆರೆದೆ. ಮೇಲಿನ ಪದರ ಬಂತು, ಒಳಗೆ ಬೂದು ಬಣ್ಣ, ಕಲ್ಲಿನ ಹಾಗಿದೆ.”

ಅಪ್ಪ ಸವೆದ ಅಂಗೈ ನೋಡಿಕೊಂಡ.

“ಉದ್ಘಾಟನೆಗೆ ಹನ್ನೊಂದೇ ದಿನ ಇತ್ತು. ಪುಸ್ತಕಕ್ಕೆ ತೇವದ ಗಾಳಿ ಆಗಲ್ಲ, ಕಿಂಡಿ ಮುಚ್ಚು ಅಂದ್ರು. ಸುಣ್ಣ ಅಷ್ಟರಲ್ಲಿ ಗಟ್ಟಿಯಾಗಲ್ಲ. ಕಿಂಡಿಗೂ ಸಂದಿಗೂ ಸಿಮೆಂಟ್ ತುಂಬಿ ಮೇಲೆ ಸುಣ್ಣ ಸವರಿದೆ. ಯಾರಿಗೂ ಗೊತ್ತಾಗ್ಲಿಲ್ಲ.”

“ಆಗಲ್ಲ ಅನ್ನಬಾರದಿತ್ತಾ?”

“ಅಂದಿದ್ರೆ ಇನ್ನೊಬ್ಬನ್ನ ಕರೀತಿದ್ರು ಕಣೇ.” ಉಸಿರು ಹಿಡಿದು ಕೇಳಿದ, “ಗೋಡೆ ಹೊಟ್ಟೆ ಬಂದಿದೆಯಾ?”

“ನಾಲ್ಕು ಬೆರಳು.”

ಅವನು ಕಣ್ಣು ಮುಚ್ಚಿದ. “ಸಿಮೆಂಟ್ ಉಸಿರಾಡಲ್ಲ, ಒಳಗಿನ ನೀರಿಗೆ ಹೊರಗೆ ಹೋಗೋ ದಾರಿಯಿಲ್ಲ. ಇಟ್ಟಿಗೆ ಕೊಳೀತಿದೆ. ಪುಟ್ಟೀನ ಅಲ್ಲಿಗೆ ಕಳಿಸ್ಬೇಡ.”

“ಬೇರೆ ಮಕ್ಕಳು?”

“ನಾನು ಹೋದಮೇಲೆ ಹೇಳು. ಇನ್ನೆಷ್ಟು ದಿನ ಇರ್ತೀನಿ? ಸುಣ್ಣದ ಮೇಸ್ತ್ರಿ ಅನ್ನೋ ಹೆಸರೊಂದು ಬಿಟ್ರೆ ನನ್ನದು ಅಂತ ಏನಿದೆ?”

ಅವಳು ಮನೆಗೆ ಬಂದಳು. ಪುಟ್ಟಿಗೆ ನೆಗಡಿ ಎಂದು ಮೂರು ದಿನ ಮನೆಯಲ್ಲೇ ಇರಿಸಿಕೊಂಡಳು. ಇಲ್ಲದ ನೆಗಡಿಗೆ ಕಷಾಯವನ್ನೂ ಕುಡಿಸಿದಳು.

ನಾಲ್ಕನೆಯ ಬೆಳಿಗ್ಗೆ ಎದುರುಮನೆಯ ಹೆಂಗಸು ತನ್ನ ಅವಳಿಗಳ ಕೈ ಹಿಡಿದು ಗೇಟಿನಿಂದಲೇ ಕೂಗಿದಳು: “ಇನ್ನೂ ನೆಗಡೀನೇನ್ರೀ? ಮಗೂನ ಗಾಜಿನ ಬೊಂಬೆ ಮಾಡ್ಬಿಡ್ತೀರಾ ನೀವು! ನಾನಂತೂ ಇವರನ್ನ ಆ ಗ್ರಂಥಾಲಯದಲ್ಲಿ ಕೂರಿಸಿದ್ರೆ ಮಧ್ಯಾಹ್ನದವರೆಗೂ ನಿಶ್ಚಿಂತೆ.”

ಅವಳು ಬಾಗಿಲಿಗೆ ಓಡಿಬಂದು, “ನಿಲ್ಲಿ,” ಎಂದಳು. ದನಿ ಕಿರುಚಿದಂತೆ ಹೊರಟಿತು. “ಇವತ್ತು ಬೇಡ. ದಯವಿಟ್ಟು ಬೇಡ.”

ಒಳಗೆ ಬಂದು ಗ್ರಂಥಾಲಯಕ್ಕೆ ಫೋನು ಹಚ್ಚಿದಳು. ಮೇಲ್ವಿಚಾರಕನೇ ಎತ್ತಿದ.

“ಮಕ್ಕಳ ಕೋಣೆ ಖಾಲಿ ಮಾಡಿಸಿ ಬೀಗ ಹಾಕಿ. ಈಗಲೇ. ಆ ಗೋಡೆ ಬೀಳುತ್ತೆ. ಸಂದಿಗೆಲ್ಲ ಸಿಮೆಂಟ್ ತುಂಬಿದೆ.”

“ಏನಮ್ಮ ಇದು, ಅದು ಸುಣ್ಣದ ಮೇಸ್ತ್ರಿ ಕೆಲಸ! ಅವರ ಮೇಲೆ ಹೀಗೆ ಹೇಳೋಕೆ ನೀವ್ಯಾರು?”

“ಅವರ ಮಗಳು,” ಎಂದಳು. “ಬರೆದುಕೊಳ್ಳಿ, ಹೇಳ್ತೀನಿ.”