ಸೆಮಿನರಿ ಆಫೀಸಿನ ಗುರುದೇವಿ

ಲಿವೋನಿಯಾದ ಕಾರು ಬಿಡಿಭಾಗಗಳ ಕಂಪನಿ ಎರಡು ಸಾವಿರದ ಒಂಬತ್ತರಲ್ಲಿ ಬಾಗಿಲು ಹಾಕಿದಾಗ ಅಲ್ಲಿ ದುಡಿಯುತ್ತಿದ್ದ ಗುರುದೇವಿಗೆ ಐವತ್ತೆರಡು ವರ್ಷ. ಗಂಡ ಚಂದ್ರಮೌಳಿಯ ಕೆಲಸವೂ ಹೋಗಿತ್ತು. ಅವನಿಗೆ ಬೇರೊಂದು ಸಿಕ್ಕಿದ್ದು ಮುನ್ನೂರು ಮೈಲಿ ಆಚೆ, ಸ್ಕೋಕಿ ಎಂಬ ಊರಿನಲ್ಲಿ. ಇಬ್ಬರೂ ಇದ್ದ ಟ್ರಾಯ್ ಊರಿನ ಸ್ವಂತ ಮನೆಯನ್ನು ಕೊಳ್ಳುವವರೇ ಇರಲಿಲ್ಲ. ಅವಳು ಮನೆ ನೋಡಿಕೊಂಡು ಅಲ್ಲೇ ಉಳಿದಳು. ಕೆಲಸ ಹುಡುಕಿ ಹುಡುಕಿ ಕೊನೆಗೆ ಸಿಕ್ಕಿದ್ದು, ಪಾದ್ರಿಗಳನ್ನು ತಯಾರು ಮಾಡುವ ಒಂದು ಕ್ಯಾಥೊಲಿಕ್ ಸೆಮಿನರಿಯ ಆಫೀಸಿನಲ್ಲಿ.

"ನಾನು ನಿಮ್ಮ ಧರ್ಮದವಳಲ್ಲ" ಎಂದು ಮೊದಲೇ ಹೇಳಿದಳು.

"ಫೈಲು ಜೋಡಿಸೋಕೆ ಬಂದ್ರೆ ಸಾಕು" ಎಂದರು ರೆಕ್ಟರ್, ಅಲ್ಲಿನ ಮುಖ್ಯಸ್ಥರು.

ಅದೇನು ಸಣ್ಣ ಕೆಲಸವಾಗಿರಲಿಲ್ಲ. ಪಾದ್ರಿಯಾಗಬೇಕು ಅನ್ನಿಸಿದವನು ತಾನಾಗಿ ಬಂದು ಸೇರುವಂತಿಲ್ಲ, ಅವನ ಬಿಷಪ್ಪರು ಕಳಿಸಬೇಕು. ಚರ್ಚಿನಿಂದ ಪತ್ರ, ಜ್ಞಾನಸ್ನಾನದ ದಾಖಲೆ, ಡಾಕ್ಟರ ವರದಿ, ಮನಃಶಾಸ್ತ್ರಜ್ಞರ ಪರೀಕ್ಷೆ, ಹತ್ತು ಪುಟದ ಆತ್ಮಕಥೆ. ಇಷ್ಟೂ ಕೂಡಿದ ಮೇಲೆ ಸಮಿತಿಯ ಸಂದರ್ಶನ. ಆಯ್ಕೆಯಾದರೆ ಎರಡು ವರ್ಷ ತತ್ವಶಾಸ್ತ್ರ, ನಾಲ್ಕು ವರ್ಷ ದೈವಶಾಸ್ತ್ರ.

ಆ ವರ್ಷದ ಅರ್ಜಿದಾರರಲ್ಲಿ ವಾಲ್ಟರ್ ನೋವಾಕ್ ಒಬ್ಬ. ವಯಸ್ಸು ನಲವತ್ತಾರು. ಹೆಂಡತಿ ತೀರಿಕೊಂಡು ಮೂರು ವರ್ಷ, ಕಾರ್ಖಾನೆಯ ಕೆಲಸ ಹೋಗಿ ಎಂಟು ತಿಂಗಳು. ಅವನಿಗೆ ಜ್ಞಾನಸ್ನಾನ ಕೊಟ್ಟ ಚರ್ಚು ಮುಚ್ಚಿಹೋಗಿತ್ತು, ದಾಖಲೆಯನ್ನು ಗುರುದೇವಿಯೇ ಹುಡುಕಿಸಬೇಕಾಯಿತು. ಅದು ಸಿಕ್ಕಿತೇ ಎಂದು ವಿಚಾರಿಸಲು ಅವನು ಪ್ರತಿ ಸೋಮವಾರ ಅವಳಿಗೆ ಫೋನು ಮಾಡುತ್ತಿದ್ದ. ಮಾತು ಚಳಿಗೆ, ಹಿಮಕ್ಕೆ ಹೊರಳುತ್ತಿತ್ತು. ದಾಖಲೆ ಸಿಕ್ಕಿದ ಮೇಲೂ ಫೋನು ನಿಲ್ಲಲಿಲ್ಲ. ವಾರವಿಡೀ ಅವಳೊಡನೆ ಅಷ್ಟು ಹೊತ್ತು ಮಾತಾಡುವವರು ಬೇರೆ ಯಾರೂ ಇರಲಿಲ್ಲ.

ಅವನ ಆತ್ಮಕಥೆಯ ಪುಟ ಎಣಿಸುವಾಗ ಒಂದು ಸಾಲು ಕಣ್ಣಿಗೆ ಬಿತ್ತು: "ಹೆಂಡತಿ ಹೋದ ಮೇಲೆ ನಾನು ಕೂತು ಊಟ ಮಾಡಿಲ್ಲ. ಒಲೆಯ ಪಕ್ಕ ನಿಂತೇ ತಿನ್ನುತ್ತೇನೆ."

ಅಂದು ಸಂಜೆ ಚಂದ್ರಮೌಳಿ ಫೋನಿನಲ್ಲಿ, "ಊಟ ಆತೇನು?" ಎಂದ.

ಅವಳು ತಟ್ಟೆ ಹಿಡಿದು ಸಿಂಕಿನ ಮುಂದೆ ನಿಂತಿದ್ದಳು. "ಆತ್ರಿ. ಆರಾಮ ಕುಂತು ಉಂಡೆ. ನಿಮ್ಮದು?"

"ನಂದೂ ಆತು."

ಅವನ ಹಿಂದೆ ಮೈಕ್ರೋವೇವ್ ಕೂಗಿದ್ದು ಕೇಳಿಸಿತು.

ಏಪ್ರಿಲ್‌ನಲ್ಲಿ ಸಮಿತಿ ವಾಲ್ಟರ್‌ನನ್ನು ಒಪ್ಪಲಿಲ್ಲ. "ಒಳ್ಳೇ ಮನುಷ್ಯ. ಆದ್ರೆ ದೇವರು ಕರೀತಿದಾನೋ, ಮನೆಯಲ್ಲಿ ಒಬ್ಬನೇ ಇರಲಾರದೆ ಬರ್ತಿದಾನೋ, ಅವನಿಗೇ ಗೊತ್ತಿಲ್ಲ. ಎರಡು ವರ್ಷ ಕಾಯಲಿ" ಎಂದರು ರೆಕ್ಟರ್. ಪತ್ರ ಟೈಪು ಮಾಡಿದವಳು ಗುರುದೇವಿಯೇ.

ಮುಂದಿನ ಸೋಮವಾರ ಫೋನು ಬರಲಿಲ್ಲ. ಗುರುವಾರ ಅವನೇ ಬಂದ. ದೊಡ್ಡ ಆಳು, ಇಸ್ತ್ರಿ ಮಾಡಿದ ಅಂಗಿ. ಅವಳು ದನಿಯಿಂದ ಗುರುತು ಹಿಡಿದಳು.

"ನಾನು ಬರೆದದ್ದು ವಾಪಸ್ ಕೊಡ್ತೀರಾ?"

"ಕೊಡೋ ಹಾಗಿಲ್ಲ. ಫೈಲಲ್ಲೇ ಇರಬೇಕು."

"ನೀವು ಓದಿದಿರಾ?"

ಓದುವುದು ಅವಳ ಕೆಲಸವಲ್ಲ. "ಒಂದು ಸಾಲು" ಎಂದಳು. "ನಾನೂ ನಿಂತೇ ತಿನ್ನೋದು."

ವಾಲ್ಟರ್ ಕೈಯಲ್ಲಿದ್ದ ಟೋಪಿಯನ್ನು ತಲೆಗಿಟ್ಟುಕೊಂಡ. "ಎರಡು ವರ್ಷ ಬಿಟ್ಟು ಬರ್ತೀನಿ" ಎಂದು ಹೊರಟ.

ಎರಡು ವರ್ಷವಾಯಿತು, ಮೂರಾಯಿತು. ಹೊಸ ಅರ್ಜಿಗಳ ಕಟ್ಟು ಬಂದಾಗಲೆಲ್ಲ ಅವಳು ಮೊದಲು ಅವನ ಹೆಸರು ಹುಡುಕುತ್ತಿದ್ದಳು. ಬರಲೇ ಇಲ್ಲ.

ನಾಲ್ಕನೆಯ ವರ್ಷ ಮನೆ ಮಾರಾಟವಾಗಿ ಗುರುದೇವಿ ಸ್ಕೋಕಿಗೆ ಹೋದಳು. ಚಂದ್ರಮೌಳಿ ಅಲ್ಲಿ ಹಿಡಿದಿದ್ದ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಗಂಡ ಹೆಂಡತಿ ಬಹಳ ದಿನ ನೆಂಟರ ಹಾಗೆ, ಒಬ್ಬರಿಗೊಬ್ಬರು ದಾರಿ ಬಿಡುತ್ತ ಓಡಾಡಿದರು.