ಬುಡದಲ್ಲೇ ತಪ್ಪಿದೆ

ವತ್ಸಲಾ ಅವರ ಲೆಕ್ಕ ಸರಿಯಾಗಿತ್ತು. ತಪ್ಪು ಎಂದು ಕೆಂಪು ಇಂಕಿನಲ್ಲಿ ಬರೆದುಕೊಟ್ಟವನು ನಾನು. ಸರಿಯಾಗಿತ್ತು ಎಂಬುದು ನನಗೆ ತಿಳಿದದ್ದು ಎಂಟು ತಿಂಗಳ ನಂತರ. ತಿಳಿದ ಮೇಲೂ ಹೇಳಲಿಲ್ಲ — ನಾಳೆ ಹೇಳೋಣ, ಮುಂದಿನ ವಾರ ಹೇಳೋಣ, ಅವರ ಮನೆಗೆ ನೆಂಟರು ಬಂದಿದ್ದಾರಂತೆ, ಹೋದ ಮೇಲೆ ಹೇಳೋಣ — ಹೀಗೆ ಐದು ವರ್ಷ ಕಳೆದವು.

ಚಿಂತೆ ಮಾಡುವುದರಲ್ಲಿ ನಾನು ಪಳಗಿದವನು. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಎಂಆರ್‌ಟಿ ರೈಲು ಇಳಿದು ಮನೆಗೆ ಓಡಿದವನು. ನಮ್ಮ ಮನೆಯಲ್ಲಿರುವುದು ಕರೆಂಟ್ ಒಲೆ ಎಂಬುದು ಲಿಫ್ಟಿನಲ್ಲಿ ನೆನಪಾದವನು. ಇಂಥವನು, ನಿಜವಾಗಿ ಚಿಂತಿಸಬೇಕಾಗಿದ್ದ ಒಂದೇ ಒಂದು ವಿಷಯವನ್ನು ಮಡಿಸಿ ಒಳಗಿಟ್ಟುಬಿಟ್ಟೆ. ಹೆಂಡತಿ ಶುಭಾಗೂ ಹೇಳಿರಲಿಲ್ಲ.

ಆಗ ನಾವು ಜುರಾಂಗ್ ವೆಸ್ಟಿನಲ್ಲಿದ್ದೆವು. ಈಗಲೂ ಅಲ್ಲೇ ಇದ್ದೇವೆ. ಶನಿವಾರ ಬೆಳಿಗ್ಗೆ ನಮ್ಮ ಬ್ಲಾಕಿನ ವಾಯ್ಡ್ ಡೆಕ್ಕಿನ, ಅಂದರೆ ಕೆಳಗಿನ ತೆರೆದ ಅಂತಸ್ತಿನ, ಕಲ್ಲುಮೇಜಿನ ಸುತ್ತ ಮೂವರು ಸೇರುತ್ತಿದ್ದೆವು. ಉಡುಪಿಯ ಕಾಮತರು ರಾಫೆಲ್ಸ್ ಪ್ಲೇಸಿನ ಬ್ಯಾಂಕೊಂದರಲ್ಲಿ ಕೆಲಸದಲ್ಲಿದ್ದರು. ವತ್ಸಲಾ ಪಕ್ಕದ ಬ್ಲಾಕಿನವರು, ಅರಸೀಕೆರೆಯವರು, ಬಿ.ಎಸ್ಸಿ. ಎರಡನೆಯ ವರ್ಷದಲ್ಲಿ ಮದುವೆಯಾಗಿ ಓದು ನಿಂತಿತ್ತು, ಗಂಡನ ಕೆಲಸದ ಹಿಂದೆ ಇಲ್ಲಿಗೆ ಬಂದಿದ್ದರು. ಮೂರನೆಯವನು ನಾನು. ಕಾಮತರು ಒಂದೇ ಪುಸ್ತಕದ ಮೂರು ಪ್ರತಿ ತರಿಸಿದ್ದರು. ಸಂಖ್ಯೆ ಎಂದರೇನು ಎಂಬಲ್ಲಿಂದ ಹೊರಟು, ಬಾಗಿದ ಆಕಾಶ, ಕಪ್ಪುಕುಳಿ, ಕ್ವಾಂಟಂ ಎಂದು ಸಾಗಿ, ಕೊನೆಗೆ ಬ್ರಹ್ಮಾಂಡವನ್ನೇ ಕೈಗಿಡುವ ಪುಸ್ತಕ. ಇಟ್ಟಿಗೆಯಷ್ಟು ದಪ್ಪ. ಸಾಮಾನ್ಯ ಓದುಗರಿಗಾಗಿ ಎಂದು ಹಿಂಬದಿಯಲ್ಲಿ ಅಚ್ಚಾಗಿತ್ತು. ನಾನು ಸಾಮಾನ್ಯ ಓದುಗನೂ ಅಲ್ಲ ಎಂಬುದು ಮೂವತ್ತೆಂಟನೆಯ ಪುಟದಲ್ಲಿ ಗೊತ್ತಾಯಿತು.

ಅಲ್ಲಿಂದ ಮುಂದೆ ನಾನು ಓದಲಿಲ್ಲ. ಹೊತ್ತೆ. ಮನೆ ಹತ್ತಿರದ ಬೂನ್ ಲೇ ಸ್ಟೇಷನ್ನಿನಿಂದ ಆಫೀಸಿರುವ ಚಾಂಗಿ ಬಿಸಿನೆಸ್ ಪಾರ್ಕಿನವರೆಗೆ ರೈಲಿನಲ್ಲಿ ಒಂದು ಗಂಟೆಗೂ ಮೇಲೆ — ಪುಸ್ತಕ ತೊಡೆಯ ಮೇಲೆ, ಕಣ್ಣು ಮುಚ್ಚಿ. ನೋಡಿದವರು ಆಳವಾಗಿ ಯೋಚಿಸುತ್ತಿದ್ದಾನೆ ಅಂದುಕೊಂಡಿರಬೇಕು.

ಕಾಮತರಿಗೆ ಮಾತ್ರ ವಾಸನೆ ಬಡಿದಿತ್ತು. "ನಿಮ್ಮ ಪುಸ್ತಕದ ಬೆನ್ನು ಇನ್ನೂ ಮುರಿದೇ ಇಲ್ಲವಲ್ಲ ಮಾರಾಯ್ರೆ! ಶೋರೂಮಿಂದ ಈಗ ತಂದ ಹಾಗೆ ಉಂಟು."

"ಜೋಪಾನವಾಗಿ ಓದ್ತೀನಿ ಕಾಮತ್ರೆ."

"ಹೌದೌದು. ಮುಟ್ಟದೆ ಓದ್ತೀರಿ."

ವತ್ಸಲಾ ನಗುತ್ತಿರಲಿಲ್ಲ. ಅವರು ನನ್ನನ್ನು ನಂಬಿದ್ದರು. ಎಂಜಿನಿಯರ್, ಮೇಲಾಗಿ ನಮ್ಮ ಕನ್ನಡದವರ ಪ್ರಬಂಧ ಸ್ಪರ್ಧೆಗೆ ಮೂರು ವರ್ಷ ತೀರ್ಪುಗಾರ. 'ಥ್ಯಾಂಕ್ಸ್' ಅಂದವರಿಗೆ 'ಧನ್ಯವಾದ ಅನ್ನಿ' ಎಂದು ತಿದ್ದುವ ಚಟ ನನಗಿತ್ತು. ಯಾವ ಪ್ರಶ್ನೆ ಬಂದರೂ ನಾನು ಗಲ್ಲ ಕೆರೆದು, "ಇದನ್ನ ಸ್ವಲ್ಪ ಫಿಲಾಸಫಿಕಲ್ ಆಗಿ ನೋಡ್ಬೇಕು" ಅನ್ನುತ್ತಿದ್ದೆ. ಅವರು ಅದನ್ನೂ ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಿದ್ದರು. ಅಯ್ಯೋ — ಅದನ್ನೂ!

ಒಂದು ಶನಿವಾರ ಕಾಮತರು ಎದ್ದು ಹೋದ ಮೇಲೆ ವತ್ಸಲಾ ಚೀಲದಿಂದ ನಾಲ್ಕು ಹಾಳೆ ತೆಗೆದು ನನ್ನ ಮುಂದಿಟ್ಟರು.

"ಸರ್, ಇಲ್ಲಿ ಸಂಜೆ ಕಾಲೇಜಲ್ಲಿ ಮ್ಯಾಥ್ಸ್ ಡಿಗ್ರಿ ಇದೆ. ಫಾರ್ಮ್ ತುಂಬಿಟ್ಟಿದೀನಿ, ಮನೇಲಿ ಹೇಳಿಲ್ಲ ಇನ್ನೂ. ಸೋಮವಾರ ಕೊನೇ ದಿನ."

"ಒಳ್ಳೇದಾಯ್ತಲ್ಲ, ಹಾಕಿ."

"ಹೆದ್ರಿಕೆ ಸರ್. ಹದಿನಾಲ್ಕು ವರ್ಷ ಆಯ್ತು ಬಿಟ್ಟು. ಇದೊಂದು ಲೆಕ್ಕ ಪುಸ್ತಕ ನೋಡ್ದೆ ನಾನೇ ಮಾಡಿದೀನಿ. ಸರಿ ಇದ್ರೆ ಫಾರ್ಮ್ ಹಾಕ್ತೀನಿ. ತಪ್ಪಿದ್ರೆ — ತಲೆ ತುಕ್ಕು ಹಿಡಿದಿದೆ ಅಂತ ಸುಮ್ನಾಗ್ತೀನಿ. ನೀವು ನೋಡಿ ಹೇಳಿ."

ಹೀಗೆಂದು ಅವರು ನನಗೆ ಮೊದಲೇ ಹೇಳಿದ್ದರು. ಆ ಹಾಳೆಗಳ ಮೇಲೆ ಏನು ನಿಂತಿತ್ತು ಎಂಬುದು ಗೊತ್ತಿದ್ದೇ ನಾನು ಅವನ್ನು ತೆಗೆದುಕೊಂಡೆ. ಇದನ್ನು ಬಿಟ್ಟು ಉಳಿದದ್ದನ್ನು ಹೇಳಿದರೆ ಅದು ಒಪ್ಪಿಕೊಂಡಂತಲ್ಲ.

ಭಾನುವಾರ ಬೆಳಿಗ್ಗೆ ಕಾಫಿ ಕುಡಿಯುತ್ತಾ ಹಾಳೆ ಬಿಡಿಸಿದೆ. ಎಲ್ಲ ಕನ್ನಡದಲ್ಲಿತ್ತು. ಕನ್ನಡ ಮೀಡಿಯಂ ಶಾಲೆಯಲ್ಲಿ ಕಲಿಸಿದ ಕ್ರಮದಲ್ಲೇ — ದತ್ತ, ಸಾಧನೀಯ, ರಚನೆ, ಸಾಧನೆ. ಗುಂಡನೆಯ ಅಕ್ಷರ, ಅಡಿಗೆರೆ ಸ್ಕೇಲಿನಲ್ಲಿ ಎಳೆದದ್ದು. ಜೊತೆಗೆ ಮಡಿಸಿ ಮಡಿಸಿ ಗೆರೆ ಬಿದ್ದ ಒಂದು ಎ-ಫೋರ್ ಹಾಳೆ; ನಾವು ಪ್ರಿಂಟರಿಗೆ ಹಾಕುತ್ತೇವಲ್ಲ, ಅದೇ. 'ಸಾಧನೀಯ: ಈ ಹಾಳೆಯ ಉದ್ದ ಮತ್ತು ಅಗಲಗಳ ಅನುಪಾತವು ಅಭಾಗಲಬ್ಧ.'

ಅಭಾಗಲಬ್ಧ.

ಬೆಂಗಳೂರಿನ ಇಂಗ್ಲಿಷ್ ಮೀಡಿಯಂ ಹುಡುಗ ನಾನು. ನಮ್ಮಲ್ಲಿ ಕನ್ನಡ ಊಟಕ್ಕೆ, ಜಗಳಕ್ಕೆ, ಕಾದಂಬರಿಗೆ; ಲೆಕ್ಕಕ್ಕೆ ಇಂಗ್ಲಿಷ್. ಆ ಪದವನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ಬಿಡಿಸಿ ನೋಡಿದೆ — ಅ, ಭಾಗ, ಲಬ್ಧ. ಭಾಗವಾಗದ್ದು. ಓಹೋ, ಭಾಗವಾಗದ್ದು ಅಂದರೆ ಪ್ರೈಮ್ ನಂಬರ್! ಎರಡು, ಮೂರು, ಐದು, ಏಳು. ಹಾಳೆಯ ಉದ್ದವನ್ನು ಅಗಲದಿಂದ ಭಾಗಿಸಿದರೆ ಒಂದು ಚಿಲ್ಲರೆ ಬರುತ್ತದೆ. ಅದು ಹೇಗೆ ಪ್ರೈಮ್ ಆದೀತು? ಪಾಪ, ಮೊದಲ ಸಾಲಿನಲ್ಲೇ ಎಡವಿದ್ದಾರೆ ಎಂದುಕೊಂಡೆ.

ಮೊಬೈಲಿನಲ್ಲಿ ಹುಡುಕಿದ್ದರೆ ಅರ್ಧ ನಿಮಿಷದ ಕೆಲಸ. ಪಕ್ಕದ ಬ್ಲಾಕಿಗೆ ಹೋಗಿ 'ಈ ಪದದ ಅರ್ಥ ಏನ್ರೀ' ಎಂದು ಕೇಳಿದ್ದರೆ ಐದು ನಿಮಿಷ. ಆದರೆ ತೀರ್ಪುಗಾರನಿಗೆ ಕನ್ನಡ ಪದ ಗೊತ್ತಿಲ್ಲವೆಂದರೆ — ಎಂಜಿನಿಯರಿಗೆ ಲೆಕ್ಕ ಗೊತ್ತಿಲ್ಲವೆಂದರೆ — ಎರಡೂ ಒಂದೇ ದಿನ ಬಯಲಾದರೆ... ಉಳಿದ ಮೂರು ಹಾಳೆಗಳನ್ನು ನಾನು ಓದಲೇ ಇಲ್ಲ. ಆಫೀಸಿನಲ್ಲಿ ನನ್ನ ಕೆಲಸವೇ ಟೆಸ್ಟಿಂಗ್; ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿ ವಾಪಸು ಕಳಿಸುವುದು. ಕೈ ತಾನಾಗಿಯೇ ಕೆಂಪು ಪೆನ್ನಿಗೆ ಹೋಯಿತು. ಮೇಲ್ಗಡೆ ಮೂಲೆಯಲ್ಲಿ ಬರೆದೆ: ಬುಡದಲ್ಲೇ ತಪ್ಪಿದೆ.

ಅಂದು ಸಂಜೆ ಲಿಫ್ಟಿನ ಮುಂದೆ ಕೊಟ್ಟೆ. ವತ್ಸಲಾ ಅದನ್ನು ಓದಿದರು. ಮತ್ತೆ ಓದಿದರು.

"ಎಲ್ಲಿ ಅಂತ... ಸರ್?"

"ಫಸ್ಟ್ ಲೈನೇ ನೋಡಿ. ಅಲ್ಲೇ ಇದೆ."

ಅವರು ಆ ಸಾಲನ್ನು ಬೆರಳಿಟ್ಟು ನೋಡಿದರು. ತಪ್ಪಿಲ್ಲದ ಸಾಲಿನಲ್ಲಿ ತಪ್ಪು ಹುಡುಕುತ್ತಿದ್ದರು. ಕೊನೆಗೆ ನನಗೆ ಬೇಕಾಗಿದ್ದ ಉತ್ತರವನ್ನು ಅವರೇ ಒದಗಿಸಿಕೊಟ್ಟರು. "ಸಾಧಿಸ್ಬೇಕಾಗಿರೋದನ್ನೇ ಮೊದ್ಲೇ ನಿಜ ಅಂದ್ಕೊಂಡ್ಬಿಟ್ಟಿದೀನಾ ಸರ್ ನಾನು?"

"ಹಾಂ. ಅದೇ," ಅಂದೆ.

ಅವರು ಏನು ಹೇಳಿದರು ಎಂಬುದು ನನಗೆ ಅರ್ಥವಾಗಿರಲಿಲ್ಲ.

"ಧನ್ಯವಾದ ಸರ್," ಎಂದರು ವತ್ಸಲಾ. ಥ್ಯಾಂಕ್ಸ್ ಅನ್ನಲಿಲ್ಲ. ನಾನು ತಿದ್ದಿದ್ದೆನಲ್ಲ.

ಫಾರ್ಮ್ ಹಾಕಲಿಲ್ಲ. ಮುಂದಿನ ಶನಿವಾರ ಬಂದರು, ಕೂತರು, ಪೆನ್ಸಿಲ್ ತಂದಿರಲಿಲ್ಲ. ಎರಡು ವಾರದ ನಂತರ ತಮ್ಮ ಪ್ರತಿಯನ್ನು ನನ್ನ ಕೈಗಿತ್ತರು. "ನೀವೇ ಇಟ್ಕೊಳಿ ಸರ್. ನಿಮಗಾದ್ರೂ ಉಪಯೋಗಕ್ಕೆ ಬರತ್ತೆ." ಹೀಗೆ, ಓದದ ಒಂದೇ ಪುಸ್ತಕದ ಎರಡು ಪ್ರತಿ ಇಟ್ಟುಕೊಂಡ ಜುರಾಂಗ್ ವೆಸ್ಟಿನ ಏಕೈಕ ಮನುಷ್ಯ ನಾನಾದೆ. ಗುಂಪು ತಾನಾಗಿಯೇ ಕರಗಿತು.

ಎಂಟು ತಿಂಗಳಾದ ಮೇಲೆ ಶುಭಾ ಮೈಸೂರಿಗೆ ಹೋಗಿ ಬಂದಳು. ಅವಳ ಅತ್ತಿಗೆ ಅರಳು ಸಂಡಿಗೆಯನ್ನು ಹಳೆಯ ಶಾಲಾಪುಸ್ತಕದ ಹಾಳೆಗಳಲ್ಲಿ ಸುತ್ತಿ ಕೊಟ್ಟಿದ್ದರು. ನಾನು ಡಬ್ಬಿಗೆ ತುಂಬುತ್ತಿದ್ದೆ; ಒಂದು ಹಾಳೆಯ ತಲೆಯ ಮೇಲೆ ದಪ್ಪ ಅಕ್ಷರ ಕಂಡಿತು — ಅಭಾಗಲಬ್ಧ ಸಂಖ್ಯೆಗಳು. ಅದರ ಕೆಳಗೆ ಎರಡರ ವರ್ಗಮೂಲ — ಎ-ಫೋರ್ ಹಾಳೆಯ ಉದ್ದ-ಅಗಲಗಳ ಅನುಪಾತವೂ ಅದೇ. ಎರಡು ಪೂರ್ಣಾಂಕಗಳ ಭಾಗಾಕಾರವಾಗಿ ಬರೆಯಲಾಗದ ಸಂಖ್ಯೆ. ನಾನು ಇಂಗ್ಲಿಷಿನಲ್ಲಿ ಕಲಿತು ಪಾಸಾದ ಇರ್‍ಯಾಷನಲ್ ನಂಬರ್. ಪ್ರೈಮಿಗೆ ಬೇರೆಯೇ ಪದವಿತ್ತು, ಅವಿಭಾಜ್ಯ. ಅದೂ ಅದೇ ಹಾಳೆಯ ಕೆಳಗಡೆ, ಸಂಡಿಗೆಯ ಪುಡಿ ಮೆತ್ತಿಕೊಂಡು ಕೂತಿತ್ತು.

ಡಬ್ಬಿ ಅಲ್ಲೇ ಬಿಟ್ಟು ಆ ಹಾಳೆಯನ್ನೇ ಮತ್ತೆ ಓದತೊಡಗಿದೆ. ಶುಭಾ ಕೇಳಿದಳು, "ಏನಾಯ್ತು, ಸಂಡಿಗೆ ಮೆತ್ತಗಾಗಿದ್ಯಾ?"

"ಇಲ್ಲ. ಗರಿಗರಿ ಇದೆ," ಅಂದೆ.

ಹೋಗಿ ವತ್ಸಲಾ ಅವರ ಪ್ರತಿ ತೆರೆದೆ. ಆ ಲೆಕ್ಕದ ಕರಡು ಅಂಚಿನಲ್ಲೇ ಇತ್ತು. ಎಷ್ಟು ಸರಳ! ಎ-ಫೋರ್ ಹಾಳೆಯಿಂದ ಆದಷ್ಟು ದೊಡ್ಡ ಚೌಕವೊಂದನ್ನು ಕತ್ತರಿಸಿ ತೆಗೆಯಿರಿ, ಒಂದು ಪಟ್ಟಿ ಉಳಿಯುತ್ತದೆ. ಆ ಪಟ್ಟಿಯಿಂದ ಎರಡು ಚೌಕ ತೆಗೆಯಿರಿ. ಉಳಿಯುವ ಚೂರು ಮತ್ತೆ ಅದೇ ಪಟ್ಟಿಯ ಆಕಾರ, ಚಿಕ್ಕದು ಅಷ್ಟೆ. ಅದರಿಂದಲೂ ಎರಡು ಚೌಕ — ಮತ್ತೆ ಅದೇ. ಉದ್ದಕ್ಕೂ ಅಗಲಕ್ಕೂ ಸರಿಯಾಗಿ ಕೂರುವ ಒಂದು ಅಳತೆ, ಎಷ್ಟೇ ಸಣ್ಣದಾಗಿರಲಿ, ಇದ್ದಿದ್ದರೆ ಈ ಕತ್ತರಿಸಾಟ ಎಲ್ಲಾದರೂ ನಿಲ್ಲಬೇಕಿತ್ತು. ನಿಲ್ಲುವುದಿಲ್ಲ. ಆದ್ದರಿಂದ ಅಂಥ ಅಳತೆಯೇ ಇಲ್ಲ. ನಾನೂ ಕತ್ತರಿ ತಂದು ಕತ್ತರಿಸಿದೆ. ನಾಲ್ಕನೆಯ ಸಲಕ್ಕೆ ಚೂರು ಉಗುರಿಗಿಂತ ಚಿಕ್ಕದಾಗಿತ್ತು, ಆಕಾರ ಬದಲಾಗಿರಲಿಲ್ಲ.

ಮಗಳು ಅನಘಾಗೆ ಆಗ ಹತ್ತು ವರ್ಷ. ನೆಲದ ತುಂಬ ಕಾಗದದ ಚೂರು ಕಂಡು, "ಅಪ್ಪಾ, ಏನು ಮಾಡ್ತಿದೀಯಾ?" ಅಂದಳು.

"ಒಬ್ರು ಆಂಟಿ ಸರಿ ಮಾಡಿದ್ದನ್ನ ತಪ್ಪು ಅಂದ್ಬಿಟ್ಟಿದ್ದೆ ಪುಟ್ಟಿ. ನನಗೆ ಗೊತ್ತಿರ್ಲಿಲ್ಲ."

"ಹಂಗಾದ್ರೆ ಡೋಂಟ್ ನೋ ಅಂತ ಹೇಳ್ಬೇಕಿತ್ತು ಲಾ. ಈಗ ಹೋಗಿ ಸಾರಿ ಹೇಳು. ಸೋ ಈಸಿ."

ಸೋ ಈಸಿ. ಆಗ ವತ್ಸಲಾ ಇನ್ನೂ ಪಕ್ಕದ ಬ್ಲಾಕಿನಲ್ಲೇ ಇದ್ದರು. ವಾರಕ್ಕೆರಡು ಸಲ ಮಾರ್ಕೆಟ್ಟಿನಲ್ಲಿ ಸಿಗುತ್ತಿದ್ದರು. ನಾನು ಸೊಪ್ಪಿನ ಬೆಲೆಯ ಬಗ್ಗೆ ಮಾತಾಡುತ್ತಿದ್ದೆ. ಹೇಳಿದರೆ ಹೋದ ವರ್ಷ ಹಿಂದಕ್ಕೆ ಬರುತ್ತದೆಯೇ, ಸುಮ್ಮನೆ ಅವರಿಗೆ ನೋವು — ಎಂದು ಅವರ ಪರವಾಗಿ ನಾನೇ ಕಳವಳಪಟ್ಟೆ. ಆ ವರ್ಷವೂ ಕಾಲೇಜಿನವರು ಫಾರ್ಮ್ ಕೊಡುತ್ತಿದ್ದರು, ಮರುವರ್ಷವೂ. ಅದು ನನಗೆ ಗೊತ್ತಿತ್ತು. ಕೊನೆಯ ದಿನ ಯಾವುದು ಎಂದು ನೋಡಿಯೂ ಇಟ್ಟುಕೊಂಡಿದ್ದೆ. ಪದ ತಿಳಿಯದೆ ಮಾಡಿದ್ದು ಒಂದು ಭಾನುವಾರದ ತಪ್ಪು. ತಿಳಿದೂ ಸುಮ್ಮನಿದ್ದದ್ದು ಒಂದೊಂದು ದಿನವೂ ಹೊಸದಾಗಿ ಮಾಡಿದ್ದು.

ಆಮೇಲೆ ಅವರು ಬೆಡೋಕ್ ಕಡೆಗೆ ಶಿಫ್ಟ್ ಆದರು. ಈಗ ಚಾಂಗಿ ಬಿಸಿನೆಸ್ ಪಾರ್ಕಿನಲ್ಲೇ ಒಂದು ಆಫೀಸಿನಲ್ಲಿ ಡೇಟಾ ಎಂಟ್ರಿ ಮಾಡುತ್ತಾರೆ. ಬೆಳಿಗ್ಗೆ ತಾನಾ ಮೇರಾದಲ್ಲಿ ರೈಲು ಬದಲಿಸುವಾಗ ಪ್ಲಾಟ್‌ಫಾರ್ಮಿನಲ್ಲಿ ಕಾಣುತ್ತಾರೆ. ನಾನು ಕಂಬದ ಹಿಂದೆ ಸರಿದು ಬೇರೆ ಬೋಗಿ ಹತ್ತುತ್ತೇನೆ. ಐವತ್ತರ ಹತ್ತಿರದ, ಹೊಟ್ಟೆ ಬಂದ ಗಂಡಸು ಕಂಬದ ಹಿಂದೆ ಅಡಗುವುದು ಸುಲಭವಲ್ಲ, ಅವರು ನೋಡಿರಲೂಬಹುದು.

ಬೋಗಿ ಹತ್ತಿ ಪುಸ್ತಕ ತೆರೆಯುತ್ತೇನೆ. ಹೌದು, ಈಗ ನಿಜವಾಗಿ ಓದುತ್ತೇನೆ — ಅವರ ಪ್ರತಿಯನ್ನು. ಎರಡು ವರ್ಷದಿಂದ. ಇಂಗ್ಲಿಷಿನಲ್ಲಿ ನನಗೆ ದಕ್ಕದ್ದು ಅಂಚಿನ ಕನ್ನಡದಲ್ಲಿ ದಕ್ಕುತ್ತಿದೆ. 'ಬಾಗಿದ್ದು ಅಂದರೆ ಹೊರಗಿನಿಂದ ನೋಡಬೇಕಿಲ್ಲ. ಇರುವೆ ಹಂಚಿನ ಮೇಲೆ ನಡೆದೇ ತಿಳಿಯಬಹುದು' ಎಂದು ಒಂದು ಕಡೆ. 'ಇದು ದೋಸೆ ಮಗುಚಿದಂತೆ, ಎರಡು ಸಲ ಮಗುಚಿದರೆ ಮೊದಲಿನದೇ' ಎಂದು ಇನ್ನೊಂದು ಕಡೆ. ಮೂವತ್ತೆಂಟನೆಯ ಪುಟದಲ್ಲಿ ಸತ್ತಿದ್ದ ನನ್ನನ್ನು ಆ ಪೆನ್ಸಿಲ್ ಅಕ್ಷರಗಳು ಕೈಹಿಡಿದು ಇನ್ನೂರ ಹನ್ನೆರಡರವರೆಗೆ ತಂದಿವೆ. ನಡುವೆ ನಾಲ್ಕೈದು ಕಡೆ, 'ಫಿಲಾಸಫಿಕಲ್ ಆಗಿ ನೋಡಬೇಕು — ಸರ್' ಎಂದೂ ಇದೆ.

ಇನ್ನೂರ ಹನ್ನೆರಡಕ್ಕೆ ಪೆನ್ಸಿಲ್ ನಿಲ್ಲುತ್ತದೆ. ಮುಂದೆ ಬಿಳಿ ಅಂಚು. ಈ ವಾರವೆಲ್ಲ ಮುಂದಿನ ಪುಟವನ್ನು ಓದಿದೆ, ಒಂದು ಸಾಲೂ ತಿಳಿಯಲಿಲ್ಲ. ನಿಂತ ಜಾಗದಲ್ಲಿ ಅವರ ಕೊನೆಯ ಟಿಪ್ಪಣಿ ಹೀಗಿದೆ: 'ಇದು ತಿಳಿಯಲಿಲ್ಲ. ಶನಿವಾರ ಕೇಳಬೇಕು.'

ನಾಳೆ ಶನಿವಾರ. ಶುಭಾಗೆ ಎಲ್ಲ ಹೇಳಿದ್ದೇನೆ. ಅವಳು ಬೆಡೋಕಿನ ವಿಳಾಸ ಬರೆದುಕೊಟ್ಟಳು. ಪುಸ್ತಕವನ್ನು ವಾಪಸು ಕೊಡುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ, ಅದು ಅವರ ಮೇಲೆ ಇನ್ನೊಂದು ಭಾರ. ಲೆಕ್ಕ ಸರಿಯಾಗಿತ್ತು ಎನ್ನುತ್ತೇನೆ. ಅಭಾಗಲಬ್ಧ ಎಂಬ ಪದ ನನಗೆ ಗೊತ್ತಿರಲಿಲ್ಲ ಎನ್ನುತ್ತೇನೆ. ಯಾವಾಗ ಗೊತ್ತಾಯಿತು ಎಂದು ಅವರು ಕೇಳುತ್ತಾರೆ — ಕೇಳಿಯೇ ಕೇಳುತ್ತಾರೆ, ಮೊದಲ ಸಾಲನ್ನು ಬೆರಳಿಟ್ಟು ನೋಡುವವರು ಅವರು.

ಅದಕ್ಕೂ ಸರಿಯಾದ ಉತ್ತರ ಹೇಳುತ್ತೇನೆ.