ಟವೆಲ್ಲಿನ ಕೆಳಗಿನ ನಲವತ್ತೆಂಟು

ನನ್ನನ್ನು ಒಂದು ವಿಶ್ವವಿದ್ಯಾಲಯದಿಂದ ಹೊರಗೆ ಹಾಕಿದ್ದಾರೆ. ಪದವಿ ಓದುವಾಗಲ್ಲ, ಮಗಳ ಜೊತೆ ಕೂತು ಮಣ್ಣಿನ ಎತ್ತು ಮಾಡುವಾಗ. ಬಹಳ ನಯವಾಗಿ ಹಾಕಿದರು, ಚಹಾ ಕುಡಿಸಿ ಹಾಕಿದರು, ಆದರೂ ಹಾಕಿದ್ದು ಖರೆ. ತಪ್ಪು ನನ್ನದಲ್ಲ ಅಂತ ಇವತ್ತಿಗೂ ವಾದ ಮಾಡುತ್ತೇನೆ. ಮನೆಯಲ್ಲಿ ಯಾರೂ ಒಪ್ಪುವುದಿಲ್ಲ.

ದಸರಾ ರಜೆಯ ಹೊತ್ತಿಗೆ ನಮ್ಮೂರಿನ ವಾಟ್ಸಾಪ್ ಗುಂಪಿಗೆ ಒಂದು ಬಣ್ಣದ ಚಿತ್ರ ಬಂತು. ಸಿಂದಗಿಯ ಹೊರಗಡೆ ವಿಶ್ವವಿದ್ಯಾಲಯದ ಒಂದು ಕೇಂದ್ರವಿದೆ. ಅಲ್ಲಿ ದೀಪಾವಳಿ ಕಳೆದು ಎರಡು ವಾರದವರೆಗೆ ಪ್ರತಿ ರವಿವಾರ ಮಕ್ಕಳಿಗೂ ಮನೆಯವರಿಗೂ ಕೂಡಿಯೇ ಕಲಿಕೆಯಂತೆ. ಮಗುವಿನ ಜೊತೆ ಮನೆಯ ಹಿರಿಯರೊಬ್ಬರು ಬರಲೇಬೇಕು. ಬಂದವರು ಹೊರಗೆ ಗಿಡದ ನೆರಳಿಗೆ ಕೂತು ಹೊತ್ತು ಕಳೆಯುವಂತಿಲ್ಲ, ಒಳಗೆ ಬಂದು ಮಗುವಿನ ಪಕ್ಕದಲ್ಲೇ ಕಲಿಯಬೇಕು. 'ಶರತ್ಕಾಲದ ಕುಟುಂಬ ಕಲಿಕೆ' ಅಂತ ದೊಡ್ಡ ಹೆಸರು ಕೊಟ್ಟಿದ್ದರು. ನಮ್ಮ ಕಡೆ ಹಿಂಗಾರಿ ಅಂದರೆ ಎಲ್ಲರಿಗೂ ತಿಳಿಯುತ್ತದೆ, ಶರತ್ಕಾಲ ಅಂದರೆ ಮುಖ ನೋಡುತ್ತಾರೆ. ಹಾಗಾಗಿ ನಮ್ಮ ಕನ್ನೊಳ್ಳಿಯಲ್ಲಿ ಅದು 'ರವಿವಾರದ ಸಾಲಿ' ಆಯಿತು.

ನನಗೆ ಆ ಸಾಲಿ ಬೇಕಾಗಿತ್ತು, ಮಗಳ ಸಲುವಾಗಿ. ಆಗವಳಿಗೆ ಎಂಟು ವರ್ಷ. ಮನೆಯಲ್ಲಿ ಅವಳ ಬಾಯಿಗೆ ತಡೆ ಇಲ್ಲ. ಕೋಳಿಗಳಿಗೆ ಬುದ್ಧಿ ಹೇಳುತ್ತಾಳೆ, ನಾನು ರವಿಕೆ ಹೊಲಿಯುವಾಗ ದಾರ ತುಂಡಾದರೆ ಯಂತ್ರಕ್ಕೆ ಬೈಯುತ್ತಾಳೆ. ಹೊಸ್ತಿಲು ದಾಟಿದರೆ ಮುಗಿಯಿತು, ಒಂದು ಮಾತು ಹೊರಡುವುದಿಲ್ಲ. ಶಾಲೆಯಲ್ಲಿ ಉತ್ತರ ಗೊತ್ತಿದ್ದರೂ ನೆಲ ನೋಡುತ್ತಾ ನಿಲ್ಲುತ್ತಾಳೆ. ಡಾಕ್ಟರು ಕಿವಿ, ಗಂಟಲು ಎಲ್ಲ ನೋಡಿ, ಏನೂ ಇಲ್ಲ, ಹೆದರಿಸಬೇಡಿ, ಕಾಯಿರಿ ಅಂದರು. ಕಾಯುವುದು ನನ್ನ ಜಾಯಮಾನವಲ್ಲ. ಇಡೀ ಓಣಿಗೆ ಕೇಳುವ ಹಾಗೆ ಮಾತಾಡುವ ನನ್ನ ಹೊಟ್ಟೆಯಲ್ಲಿ ಇಂಥದ್ದು ಹೇಗೆ ಹುಟ್ಟಿತು ಅಂತ ನೆರೆಯವರು ನಗುತ್ತಿದ್ದರು. ನಾನೂ ನಗುತ್ತಿದ್ದೆ, ಒಳಗೆ ಸಂಕಟವಾಗುತ್ತಿತ್ತು.

ಮೊದಲ ರವಿವಾರ ನಾನೇ ಹೋದೆ. ಕಲಿಸುವ ಮೇಡಂ ಮೈಸೂರು ಕಡೆಯವರು, ಇನ್ನೂ ಚಿಕ್ಕ ವಯಸ್ಸು. ನಾವು ಪ್ರೀತಿಯಿಂದ ಮಾತಾಡಿದರೂ ಜಗಳ ಅಂದುಕೊಂಡು ಎದ್ದು ಬರುತ್ತಿದ್ದರು ಪಾಪ. ಅವತ್ತು ಮಣ್ಣಿನ ಕೆಲಸವಿತ್ತು. ಮೇಡಂ ನಮ್ಮ ಮುಂದೆ ಬಂದು ಮಗಳ ಎತ್ತರಕ್ಕೆ ಬಗ್ಗಿ, "ಏನು ಮಾಡ್ತಿದ್ದೀಯ ಪುಟ್ಟಿ?" ಅಂತ ಕೇಳಿದರು. "ಎತ್ತು ಮಾಡಾಕತ್ತಾಳ್ರಿ ಮೇಡಂ," ಅಂದೆ ನಾನು. ಕೋಡು ಯಾಕೆ ಹಿಂದಕ್ಕೆ ಬಾಗಿದೆ ಅಂತ ಅವಳನ್ನೇ ಕೇಳಿದರು. "ಕಿಲಾರಿ ಎತ್ತ್ರಿ ಅದು, ಅದರ ಕೋಡು ಹಂಗ ಇರ್ತಾವು," ಅಂದೆ. ಇವಳಿಗೆ ಯಾವ ಬಣ್ಣ ಇಷ್ಟ ಅಂತ ಕೇಳಿದರೂ ನಾನೇ, ಹಸಿವಾಗಿದೆಯಾ ಅಂತ ಕೇಳಿದರೂ ನಾನೇ. ಪ್ರಶ್ನೆ ಬಿದ್ದಾಗ ಸುಮ್ಮನಿರುವುದು ಹೇಗೆ, ನನಗಂತೂ ಗೊತ್ತಿಲ್ಲ.

ಚಹಾದ ಹೊತ್ತಿಗೆ ಮೇಡಂ ನನ್ನನ್ನು ವರಾಂಡಕ್ಕೆ ಕರೆದರು. ಕೈಗೆ ಕಪ್ಪು ಕೊಟ್ಟು, "ನಿಮ್ಮ ಮನೆಯಲ್ಲಿ ಸ್ವಲ್ಪ ಕಡಿಮೆ ಮಾತಾಡುವವರು ಯಾರಾದರೂ ಇದ್ದಾರಾ?" ಅಂದರು.

ಇದ್ದರು. ನನ್ನ ಮಾವ. ಆಯುಷ್ಯವೆಲ್ಲ ದನದ ಸಂತೆಯಲ್ಲಿ ದಲಾಲಿ ಮಾಡಿದವರು. ಮೊಣಕಾಲು ಹಿಡಿದ ಮೇಲೆ ಸಂತೆ ಬಿಟ್ಟು ಮನೆಯಲ್ಲಿದ್ದರು. ಬೆಳಗಿನ ನಮಾಜು ಮುಗಿಸಿ ಬಂದು ಕಟ್ಟೆಗೆ ಕೂತರೆ ಮಧ್ಯಾಹ್ನದವರೆಗೆ ಅವರಿಂದ ಬರುವುದು ಮೂರ್ನಾಲ್ಕು ಮಾತು, ಅದರಲ್ಲಿ ಒಂದು ಚಹಾ.

"ಈ ವಯಸ್ಸಿನಾಗ ನನಗೇನ್ ಕಲಸ್ತಾರವಾ?" ಅಂದರು.

"ನೀವೇನೂ ಕಲೀಬ್ಯಾಡ್ರಿ. ಆಕಿ ಬಾಜೂಕ ಸುಮ್ಮ ಕುಂದ್ರೂದು ಅಷ್ಟ."

"ಸುಮ್ಮ ಕುಂದ್ರೂದು ಬರ್ತೈತಿ ನನಗ," ಅಂದರು. ನನ್ನ ಕಡೆ ನೋಡಿ ಅಂದರು, ಅದು ನನಗೆ ತಿಳಿಯಿತು.

ಮುಂದಿನ ರವಿವಾರದಿಂದ ಅಜ್ಜ-ಮೊಮ್ಮಗಳ ಸವಾರಿ ಶುರುವಾಯಿತು. ಅವಳು ಎಲ್ಲರಿಗಿಂತ ಮೊದಲೇ ಎದ್ದು ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದಳು. ನಾನು ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಕೊಡುತ್ತಿದ್ದೆ. ಮಾವ ಧೋತರ, ಟೊಪ್ಪಿಗೆ, ಹೆಗಲ ಮೇಲೆ ಟವೆಲ್ಲು, ಹಳೆಯ ಸಂತೆಯ ಠೀವಿಯಲ್ಲೇ ಬಸ್ಸು ಹತ್ತುತ್ತಿದ್ದರು. ಸಂಜೆ ಇಬ್ಬರೂ ತಿರುಗಿ ಬಂದರೆ ಮಗಳ ವರದಿ ಮಲಗುವವರೆಗೆ ಮುಗಿಯುತ್ತಿರಲಿಲ್ಲ. ಭೂತಗನ್ನಡಿಯಲ್ಲಿ ತೊಗರಿ ಹೂವು ನೋಡಿದ್ದು, ಪುಟ್ಟ ಗಾಳಿಯಂತ್ರ ಮಾಡಿದ್ದು, ಅಜ್ಜ ಕಾಗದದ ಹಕ್ಕಿ ಮಡಚಲು ಹೋಗಿ ಕಪ್ಪೆ ಮಾಡಿದ್ದು.

ಎಲ್ಲಕ್ಕಿಂತ ಅವಳಿಗೆ ಇಷ್ಟವಾಗಿದ್ದು ಮಧ್ಯಾಹ್ನದ ಊಟ. ಕುಟುಂಬ ಕಲಿಕೆ ಅಂತ ಬರೆದಿದ್ದನ್ನು ನಮ್ಮ ಮಂದಿ ಬರೆದ ಹಾಗೆಯೇ ಓದಿದ್ದರು. ಬಸವನ ಬಾಗೇವಾಡಿ ಕಡೆಯ ಮಸೂತಿ ಅನ್ನುವ ಊರಿನಿಂದ ಒಬ್ಬ ಹುಡುಗನ ಜೊತೆ ಅಜ್ಜಿ, ಇಬ್ಬರು ಚಿಗವ್ವಂದಿರು, ಒಬ್ಬ ಸೋದರಮಾವ ಟಂಟಂ ಆಟೋ ಮಾಡಿಕೊಂಡು ಬಂದಿದ್ದರು. ಇಂಡಿ ತಾಲೂಕಿನ ಹೊರ್ತಿಯಿಂದ ಬಂದವರು ಒಂದು ಬುಟ್ಟಿ ಲಿಂಬೆಹಣ್ಣು ತಂದಿದ್ದರು, ಬರಿಗೈಲಿ ಹೇಗೆ ಬರುವುದು ಅಂತ. ಮುದ್ದೇಬಿಹಾಳದವರ ಬುತ್ತಿಯಲ್ಲಿ ಸಜ್ಜೆ ರೊಟ್ಟಿ, ಪುಂಡಿಪಲ್ಯ. ವಿಶ್ವವಿದ್ಯಾಲಯ ತರಿಸಿದ್ದ ಉಪ್ಪಿಟ್ಟಿನ ಪೊಟ್ಟಣಗಳು ಹಾಗೇ ಉಳಿದವು. ಎರಡನೆಯ ವಾರದಿಂದ ಮೇಡಂ ಅವರೇ ನಮ್ಮವರ ನಡುವೆ ಕೂತು ರೊಟ್ಟಿ ಮುರಿಯತೊಡಗಿದರಂತೆ.

ಆದರೆ ಮಗಳು ಅಲ್ಲೂ ಬಾಯಿ ತೆರೆದಿರಲಿಲ್ಲ. ನಾನು ಪ್ರತಿ ರವಿವಾರ ಮೊದಲು ಕೇಳುತ್ತಿದ್ದದ್ದೇ ಅದು. ಮಾವ ತಲೆ ಅಲ್ಲಾಡಿಸುತ್ತಿದ್ದರು.

ದೀಪಾವಳಿಯ ಮರುವಾರ ಮೇಡಂ ಫೋನ್ ಮಾಡಿದರು. ಚಳಿಗಾಲದಲ್ಲಿ ಕೆಲವೇ ಮಕ್ಕಳ ಒಂದು ತಂಡ ಕಟ್ಟಿ ಊರೂರಿಗೆ ಕರೆದೊಯ್ಯುತ್ತಾರೆ. ಹಳೆಯ ಬಾವಿ, ಬೀಜ, ಮಳೆಯ ಬಗ್ಗೆ ಹಿರಿಯರನ್ನು ಮಕ್ಕಳೇ ಕೇಳಿ ತಿಳಿದುಕೊಳ್ಳಬೇಕು. ಹಿಂದಿನ ವರ್ಷದ ತಂಡದ ಚಿತ್ರ ಗೋಡೆಗೆ ಹಚ್ಚಿದ ದಿನ ನನ್ನ ಮಗಳು ಅದರ ಮುಂದಿನಿಂದ ಕದಲಲಿಲ್ಲವಂತೆ, ಬೆರಳಿಟ್ಟು ತನ್ನನ್ನೇ ತೋರಿಸಿಕೊಂಡಳಂತೆ. "ನನಗೂ ಅವಳನ್ನು ಕರೆದೊಯ್ಯೋ ಆಸೆ ಇದೆ," ಅಂದರು ಮೇಡಂ, "ಆದರೆ ಕೇಳೋಕೆ ಬಾಯಿ ಬರದೆ ಅಪರಿಚಿತರ ಮುಂದೆ ನಿಲ್ಲಿಸಿದರೆ ಮಗುವಿಗೇ ಹಿಂಸೆ. ಕೊನೆಯ ರವಿವಾರದೊಳಗೆ ಎಲ್ಲರ ಮುಂದೆ ಒಂದೇ ಒಂದು ಸಲ ಅವಳಾಗಿ ಮಾತಾಡಲಿ. ಅಷ್ಟಾದರೆ ಸಾಕು."

ಮಗಳಿಗೆ ಹೇಳಿದೆ. ತಟ್ಟೆಯಲ್ಲಿ ರೊಟ್ಟಿ ಬಿಟ್ಟು, "ಬರೇ ಒಂದ್ ಸಲನಾ ಅಮ್ಮೀ?" ಅಂದಳು. ಒಂದೇ ಸಲ ಅಂದೆ. ಅವತ್ತು ಅವಳು ಊಟ ಮಾಡಲಿಲ್ಲ. ಅವಳಿಗಿಂತ ಹೆಚ್ಚು ನನಗೆ ಆಸೆಯಿತ್ತು, ಹೆದರಿಕೆಯೂ ನನಗೇ ಹೆಚ್ಚಿತ್ತು.

ಕೊನೆಯ ರವಿವಾರಕ್ಕೆ ನನಗೂ ಪರವಾನಗಿ ಸಿಕ್ಕಿತು, ಹಿಂದಿನ ಸಾಲಿನಲ್ಲಿ ಕೂರುವ ಶರತ್ತಿನ ಮೇಲೆ. ಬಸ್ಸಿನಲ್ಲಿ ಅವರಿಬ್ಬರ ಹಿಂದೆ ಕೂತಾಗ ಒಂದು ವಿಷಯ ಕಂಡೆ. ಮಾವನ ಟವೆಲ್ಲು ಇಬ್ಬರ ಕೈಗಳ ಮೇಲೆ ಹಾಸಿತ್ತು, ಅದರ ಕೆಳಗೆ ಏನೋ ಅಲುಗಾಡುತ್ತಿತ್ತು. ಮೊಮ್ಮಗಳು ಮುಸಿಮುಸಿ ನಗುತ್ತಿದ್ದಳು. ದನದ ಸಂತೆಯಲ್ಲಿ ದರ ಬಾಯಲ್ಲಿ ಹೇಳುವುದಿಲ್ಲ. ಸುತ್ತಲಿನವರಿಗೆ ಗೊತ್ತಾಗದಂತೆ ಟವೆಲ್ಲಿನ ಕೆಳಗೆ ಕೈ ಕೂಡಿಸಿ ಬೆರಳಲ್ಲೇ ಹೇಳುತ್ತಾರೆ. ಮೊದಲು ಹಿಡಿದ ಬೆರಳು ಹತ್ತರ ಲೆಕ್ಕ, ಅಂಗೈಗೊಂದು ತಟ್ಟು, ಆಮೇಲೆ ಹಿಡಿದದ್ದು ಬಿಡಿ ಲೆಕ್ಕ. ಇಡೀ ಕೈ ಹಿಡಿದರೆ ಐದು. ದಾರಿ ಸವೆಯಲಿ ಅಂತ ಅಜ್ಜ ಅದನ್ನು ಕಲಿಸಿಬಿಟ್ಟಿದ್ದರು. "ಹನ್ನೆರಡ ಏಳಲೆ ಎಷ್ಟು?" ಅಂತ ಅವರು ಬಾಯಲ್ಲಿ ಕೇಳುವುದು, ಇವಳು ಬೆರಳು ಹಿಡಿಯುವುದು. ಸಿಂದಗಿ ಬರುವವರೆಗೂ ಮಗ್ಗಿ ನಡೆಯಿತು. ಒಂದೂ ಮಾತಿಲ್ಲದೆ.

ನನಗೆ ರೇಗಿತು. ಮಾತು ಕಲಿಯಲಿ ಅಂತ ಕಳಿಸಿದರೆ ಮಾತಿಲ್ಲದ ವಿದ್ಯೆ ಕಲಿಸಿದ್ದಾರಲ್ಲ! ಬಸ್ಸಿಳಿದು ಹೇಳಿಯೂ ಹೇಳಿದೆ. ಮಾವ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ನಡೆದರು.

ಅವತ್ತು ಸಭಾಂಗಣದಲ್ಲಿ ಲೆಕ್ಕದ ಆಟ. ಒಂದೊಂದೇ ಮಗು ಹಿರಿಯರ ಜೊತೆ ಮುಂದೆ ಬಂದು ಮೂರು ಪ್ರಶ್ನೆಗೆ ಉತ್ತರ ಹೇಳಬೇಕು. ಹೊರ್ತಿಯ ಹುಡುಗ ಫಟಾಫಟ್ ಹೇಳಿ ಓಡಿದ. ಮಸೂತಿಯ ಹುಡುಗನಿಗೆ ಅಜ್ಜಿ, ಚಿಗವ್ವಂದಿರು ಎಲ್ಲ ಸೇರಿ ಮೂರು ಬೇರೆ ಬೇರೆ ಉತ್ತರ ಕೊಟ್ಟರು. ಆಮೇಲೆ ನಮ್ಮವರ ಸರದಿ. ಮಗಳು ನೆಲ ನೋಡುತ್ತಾ ನಿಂತಳು.

"ಎಂಟು ಸಾಲು, ಸಾಲಿಗೆ ಆರು ಗಿಡ. ಒಟ್ಟು ಎಷ್ಟು?" ಅಂತ ಮೇಡಂ ಕೇಳಿದರು.

ಮಾವ ಮೆಲ್ಲಗೆ ಟವೆಲ್ಲು ತೆಗೆದು ಕೈ ಮುಂದೆ ಮಾಡಿದರು. ಅವಳ ಕೈ ಅದರ ಕೆಳಗೆ ಹೋಯಿತು. ಮೇಡಂ ಅದೇನೆಂದು ತಿಳಿಯದೆ ನಮ್ಮವರ ಮುಖ ನೋಡಿದರು. ಸಾಲಿನಲ್ಲಿದ್ದ ರೈತರೆಲ್ಲ ನಗುತ್ತಾ ಒಬ್ಬರ ಮೇಲೊಬ್ಬರು ವಿವರಿಸಿದರು. ಮೇಡಂ ಕೂಡ ನಕ್ಕು, ಆಗಲಿ, ನಡೀಲಿ ಅಂದರು. ಮಾವ ಗಂಟಲು ಸರಿಮಾಡಿಕೊಂಡು, ತುಂಬಿದ ಸಂತೆಯಲ್ಲಿ ನಿಂತವರ ಹಾಗೆ, "ಐವತ್ತೈದು!" ಅಂದರು.

"ತಪ್ಪು, ಅಜ್ಜ," ಅಂದರು ಮೇಡಂ.

ಮಗಳು ತಟ್ಟನೆ ತಲೆ ಎತ್ತಿ ಅಜ್ಜನ ಮುಖ ನೋಡಿದಳು. ಮೇಡಂ ಎರಡನೆಯದು ಕೇಳಿದರು, ಒಂಬತ್ತು ಬುಟ್ಟಿ, ಬುಟ್ಟಿಗೆ ನಾಲ್ಕು ಲಿಂಬೆ. ಟವೆಲ್ಲು ಅಲುಗಿತು. "ನಲವತ್ತೆರಡು!" ಅಂದರು ಮಾವ. ಅದೂ ತಪ್ಪು. ಮಗಳ ಮೂಗು ಕೆಂಪಾಯಿತು. ಕೋಳಿಗಳ ಮೇಲೆ ಸಿಟ್ಟು ಬಂದಾಗಿನ ಮುಖ ಅದು, ನನಗೆ ಗೊತ್ತು. ಟವೆಲ್ಲಿನಿಂದ ಕೈ ಕಿತ್ತುಕೊಂಡಳು.

"ಅಜ್ಜಾ! ನಾ ನಲವತ್ತೆಂಟು ಹಿಡದಿದ್ದೆ. ಮೂವತ್ತಾರು ಹಿಡದಿದ್ದೆ. ನೀ ಯಾಕ ಹೆಚ್ಚ ಹೇಳ್ತಿ?"

ಸಭಾಂಗಣದ ಕೊನೆಯವರೆಗೂ ಕೇಳಿತು. ನನ್ನ ಧ್ವನಿಯೇ, ಸ್ವಲ್ಪ ತೆಳ್ಳಗೆ.

ಮಾವ ನಿಜವಾಗಿ ಗಾಬರಿಯಾದರು. "ಮೊದಲ ಹೆಚ್ಚ ಹೇಳಬೇಕವಾ," ಅಂದರು, "ಖರೇ ರೇಟು ಒಮ್ಮಿಗೇ ಯಾರರೇ ಬಿಟ್ಟುಕೊಡ್ತಾರೇನು? ಅವರು ಇಳಸ್ಲಿ, ಆಮ್ಯಾಲ ನಲವತ್ತೆಂಟಕ್ಕ ನಾವು ಬರೂಣಂತ."

"ಇದು ಸಂತಿ ಅಲ್ಲ ಅಜ್ಜಾ! ಲೆಕ್ಕ ಐತಿ. ಲೆಕ್ಕದಾಗ ಇಳಿಯೂದಿಲ್ಲ, ಏರೂದಿಲ್ಲ!"

ನಗು ಎದ್ದಿತು. ರೈತರು ಬೆಂಚು ಕುಟ್ಟಿದರು, ಮಸೂತಿಯ ಅಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಇಷ್ಟು ಮಂದಿ ನೋಡುತ್ತಿದ್ದಾರೆ ಅನ್ನುವುದು ಮಗಳಿಗೆ ಆಗ ನೆನಪಾಯಿತೇನೋ, ಒಂದು ಕ್ಷಣ ಬಾಯಿ ಮುಚ್ಚಿದಳು. ಮತ್ತೆ ಹೋಯಿತು ಅಂದುಕೊಂಡೆ. ಎದ್ದು ಓಡಿಹೋಗಿ ಅವಳನ್ನು ಎತ್ತಿಕೊಳ್ಳಬೇಕು ಅನಿಸಿತು, ಬೆಂಚನ್ನು ಗಟ್ಟಿಯಾಗಿ ಹಿಡಿದು ಕೂತೆ. ಮೇಡಂ ನಗಲಿಲ್ಲ. ಮೂರನೆಯ ಪ್ರಶ್ನೆ ಕೇಳಿದರು. ಮಾವ ರೂಢಿಯಿಂದ ಟವೆಲ್ಲು ಚಾಚಿದರು. ಮಗಳು ಅದನ್ನು ತೆಗೆದು ಮಡಚಿ ಅವರ ಹೆಗಲ ಮೇಲೆಯೇ ಇಟ್ಟು, ಮೇಡಂ ಕಡೆ ತಿರುಗಿ, "ಅರವತ್ಮೂರ್ರಿ," ಅಂದಳು. ಸರಿ ಇತ್ತು. ನಾನು ಅತ್ತೆ, ಮುಚ್ಚಿಡುವುದೇನಿದೆ.

ಮಾವನಿಗೆ ಮಾತ್ರ ಸಮಾಧಾನವಿಲ್ಲ. ಕೆಳಗೆ ಬಂದು ನನ್ನ ಪಕ್ಕ ಕೂತು, "ಕೂಸು ಭಾಳ ಸಾದಾ ಐತಿ, ಯಾಪಾರಕ್ಕ ಆಗೂದಿಲ್ಲ," ಅಂತ ಗೊಣಗಿದರು. ನಾನು ಅವರ ಕೈ ಹಿಡಿದುಕೊಂಡೆ. ಸೊಸೆ ಮಾವನ ಕೈ ಹಿಡಿಯುವುದು ನಮ್ಮಲ್ಲಿಲ್ಲ, ಆದರೂ ಹಿಡಿದುಕೊಂಡೆ.

ಕೊನೆಗೆ ಚಳಿಗಾಲದ ತಂಡಕ್ಕೆ ಸೇರುವ ಮಕ್ಕಳನ್ನು ಮೇಡಂ ಒಬ್ಬೊಬ್ಬರನ್ನಾಗಿ ಮೇಜಿನ ಬಳಿ ಕರೆದರು. ಮಗಳು ಹೋಗಿ ನಿಂತಳು. ಇಷ್ಟು ವಾರ ಕಲಿಸಿದವರಿಗೆ ಅವಳ ಹೆಸರು ಗೊತ್ತಿಲ್ಲವೇ? ಆದರೂ, "ನಿನ್ನ ಹೆಸರು, ಮನೆಯವರ ಹೆಸರು ಹೇಳಮ್ಮ," ಅಂತ ಕೇಳಿದರು. ನಾನು ಅರ್ಧ ಎದ್ದು ಬಾಯಿ ತೆರೆದಿದ್ದೆ. ಪಕ್ಕದಲ್ಲಿ ಮಾವನೂ ತೆರೆದಿದ್ದರು.

ಅವಳು ಹಿಂದೆ ತಿರುಗಿ, "ಇಬ್ಬರೂ ಸುಮ್ಮ ಕುಂದರ್ರಿ. ನಾ ಹೇಳ್ತೇನಿ," ಅಂದಳು. ಹೇಳಿದಳು, ತನ್ನ ಹೆಸರು, ಅಪ್ಪನ ಹೆಸರು, ಅಜ್ಜನ ಹೆಸರು. ಅಷ್ಟಕ್ಕೆ ಮುಗಿಯಿತು ಅಂದುಕೊಂಡೆ. ಉಸಿರು ಎಳೆದುಕೊಂಡು ನನ್ನ ಹೆಸರನ್ನೂ ಹೇಳಿದಳು. ಅವಳ ಬಾಯಿಂದ ಅದನ್ನು ನಾನು ಕೇಳಿದ್ದು ಅದೇ ಮೊದಲು.